ಗ್ಯಾಸ್ಟ್ರಿಕ್ ಎಂಬ ಪದ ನುಂಗುವ ಗಂಟೆಗಳು

ಇಂಗ್ಲಿಷಿನಲ್ಲಿ ‘ಗ್ಯಾಸ್ಟ್ರಿಕ್’ ಎಂದರೆ ಹೊಟ್ಟೆಗೆ ಸಂಬಂಧಿಸಿದ್ದು ಎಂದಷ್ಟೇ ಅರ್ಥ. ಅದೊಂದು ಬಡಪಾಯಿ ವಿಶೇಷಣ. ಪಕ್ಕದಲ್ಲಿ ಇನ್ನೊಂದು ಪದವಿಲ್ಲದೆ ನಿಲ್ಲಲಾರದು. ಕನ್ನಡಕ್ಕೆ ಬಂದ ಮೇಲೆ ಅದಕ್ಕೆ ಕೈಕಾಲು ಮೂಡಿದವು. ನಮ್ಮಲ್ಲಿ ಗ್ಯಾಸ್ಟ್ರಿಕ್ ಇರುತ್ತದೆ, ಆಗುತ್ತದೆ, ಎದೆಗೆ ಹೊಡೆಯುತ್ತದೆ, ಬೆನ್ನಿಗೆ ಹಿಡಿದುಕೊಳ್ಳುತ್ತದೆ, ಕೆಲವರಿಗೆ ತಲೆಗೂ ಏರುತ್ತದೆ. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಕರುಳಿನ ಹುಣ್ಣು, ಪಿತ್ತಕೋಶದ ಕಲ್ಲು, ಪಕ್ಕೆಯ ಸ್ನಾಯುನೋವು, ಪರೀಕ್ಷೆಯ ಹಿಂದಿನ ದಿನದ ಭಯ, ಎಲ್ಲಕ್ಕೂ ಅದೇ ಹೆಸರು. ಹೆಸರು ಸಿಕ್ಕ ಕೂಡಲೇ ಮನಸ್ಸಿಗೆ ಸಮಾಧಾನ. ಔಷಧವಂತೂ ಅಡುಗೆಮನೆಯ ಸಾಂಬಾರ ಡಬ್ಬಿಯಲ್ಲೇ ಇದೆ. ಇಷ್ಟಕ್ಕೇ ನಿಂತಿದ್ದರೆ ಈ ಪದದೊಂದಿಗೆ ನನಗೆ ತಕರಾರು ಇರಲಿಲ್ಲ. ಆ ಚೀಲದೊಳಗೆ ಹೃದಯಾಘಾತವನ್ನೂ ತುಂಬಿ ಬಾಯಿ ಕಟ್ಟಿಬಿಡುತ್ತೇವಲ್ಲ, ತಕರಾರು ಅಲ್ಲಿ.

ನನ್ನ ಸೋದರಮಾವನ ಮಗಳ ಮದುವೆ ಮುಗಿದು ಮರುದಿನ ಬೀಗರ ಊಟ. ಮಾವನಿಗೆ ಆಗ ಐವತ್ತೆರಡು. ಬೀಡಿ ಬಿಟ್ಟು ವರ್ಷವಾಯಿತು ಎಂದು ಅವರು ಹೇಳುತ್ತಿದ್ದರು, ಅತ್ತೆ ಬೇರೆಡೆ ನೋಡುತ್ತಿದ್ದರು. ರಾತ್ರಿ ಎರಡೂವರೆಗೆ ಮಾವ ಎದ್ದು ಕುಳಿತರು. ಎದೆಯ ನಡುವೆ, ಹೊಟ್ಟೆಯ ಗುಂಡಿಗೆ ಹತ್ತಿರವಾಗಿ, ಒರಳುಗುಂಡು ಇಟ್ಟ ಹಾಗೆ ಭಾರ. ದೀಪ ಹಾಕಿ ನೋಡಿದರೆ ಬನಿಯನ್ ಹಿಂಡುವಷ್ಟು ಒದ್ದೆ. ‘ಮೂರು ಮುದ್ದೆ, ಅದರ ಮೇಲೆ ಬೋಟಿ ಗೊಜ್ಜು. ಗ್ಯಾಸ್ಟ್ರಿಕ್ ಆಗದೆ ಇನ್ನೇನಾಗುತ್ತದೆ’ ಎಂದರು ಅತ್ತೆ. ಮನೆತುಂಬ ನೆಂಟರಿದ್ದರು, ಒಬ್ಬರೂ ಬೇರೆ ಯೋಚನೆ ಮಾಡಲಿಲ್ಲ. ಜೀರಿಗೆ ಕಷಾಯ ಬಂತು, ಓಮಿನ ಕಾಳು ಬಂತು, ಮದುವೆಗೆ ತಂದು ಉಳಿದಿದ್ದ ಸೋಡಾ ಬಂತು. ಮಾವ ವಾಂತಿ ಮಾಡಿಕೊಂಡರು, ದೊಡ್ಡದಾಗಿ ತೇಗಿದರು, ‘ಈಗ ಪರವಾಗಿಲ್ಲ’ ಎಂದರು. ‘ನೋಡಿದಿರಾ, ಗ್ಯಾಸ್ ಹೊರಗೆ ಬಂತು’ ಎಂದು ಘೋಷಿಸಿದವನು ನಾನೇ.

ಬೆಳಿಗ್ಗೆ ಏಳಕ್ಕೆ ಮೆಡಿಕಲ್ ಶಾಪ್ ತೆರೆಯಿತು; ಅಲ್ಲಿಂದ ಗ್ಯಾಸ್ ಮಾತ್ರೆ. ಒಂಬತ್ತಕ್ಕೆ ಕ್ಲಿನಿಕ್, ಅಲ್ಲಿ ಒಂದು ಇಂಜೆಕ್ಷನ್, ‘ಖಾರ ಕಡಿಮೆ ಮಾಡಿ’ ಎಂಬ ಬುದ್ಧಿಮಾತು. ನೋವು ಎಡಗೈಗೆ ಇಳಿದಾಗ ತಾಲ್ಲೂಕು ಆಸ್ಪತ್ರೆಗೆ ಹೊರಟೆವು. ಇಸಿಜಿ ತೆಗೆಯುವಾಗ ಗೋಡೆಯ ಗಡಿಯಾರದಲ್ಲಿ ಹನ್ನೊಂದು. ನರ್ಸ್ ಆ ಗುಲಾಬಿ ಚೌಕುಳಿ ಕಾಗದವನ್ನು ಹರಿದುಕೊಂಡು ವೈದ್ಯರ ಕೋಣೆಗೆ ಓಡಿದರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಓಡುವುದನ್ನು ನೋಡಿದ ಮೇಲೆ ಯಾರೂ ನಮಗೆ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

ಮಾವ ಉಳಿದರು. ಆದರೆ ಹೃದಯ ತನ್ನೊಳಗೆ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಹೊರದೂಡುವ ಪಾಲು ಶೇ 30ಕ್ಕೆ ಇಳಿದಿತ್ತು. ಆರೋಗ್ಯವಂತರಲ್ಲಿ ಅದು ಶೇ 55ಕ್ಕಿಂತ ಮೇಲಿರುತ್ತದೆ. ಈಗ ಎರಡು ದಿಂಬು ಇಟ್ಟುಕೊಂಡು ಮಲಗುತ್ತಾರೆ. ತೋಟದ ಏರಿ ಹತ್ತುವಾಗ ಎರಡು ಕಡೆ ನಿಂತು ತೆಂಗಿನ ಮರಗಳನ್ನು ನೋಡುವ ನೆಪ ಮಾಡುತ್ತಾರೆ. ಎರಡೂವರೆಯಿಂದ ಹನ್ನೊಂದರವರೆಗಿನ ಎಂಟೂವರೆ ಗಂಟೆಗೆ ತೆತ್ತ ಬೆಲೆ ಅದು.

ಅತ್ತೆಯನ್ನು ದಡ್ಡರು ಎನ್ನಲಾಗದು. ದೇಹವೇ ಇಂಥ ಗೊಂದಲ ಮಾಡುವಂತೆ ಕಟ್ಟಲ್ಪಟ್ಟಿದೆ. ಬೆರಳಿಗೆ ಮುಳ್ಳು ಚುಚ್ಚಿದರೆ ಯಾವ ಬೆರಳು, ಯಾವ ಗೆಣ್ಣು ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಒಳಗಿನ ಅಂಗಗಳಿಗೆ ಅಷ್ಟು ನಿಖರವಾದ ವಿಳಾಸವಿಲ್ಲ. ಹೃದಯದ ನೋವನ್ನು ಹೊತ್ತು ತರುವ ನರಗಳು ಬೆನ್ನುಹುರಿಯನ್ನು ಸೇರುವ ಜಾಗಕ್ಕೇ ಎದೆಗೂಡಿನ ಮತ್ತು ತೋಳಿನ ಒಳಬದಿಯ ನರಗಳೂ ಬಂದು ಸೇರುತ್ತವೆ. ಅನ್ನನಾಳ ಮತ್ತು ಜಠರದ ನರಗಳು ಅದರ ನೆರೆಹೊರೆ. ಮೂರ್ನಾಲ್ಕು ಮನೆಗಳ ಕಾಗದಗಳು ಒಂದೇ ಡಬ್ಬದಲ್ಲಿ ಬಿದ್ದರೆ ಯಾವುದು ಯಾರ ಮನೆಯದು ಎಂದು ಮಿದುಳು ತಡಬಡಾಯಿಸುತ್ತದೆ. ಹಾಗಾಗಿಯೇ ಹೃದಯದ ನೋವು ಒಬ್ಬರಿಗೆ ಎಡಗೈಯಲ್ಲಿ, ಇನ್ನೊಬ್ಬರಿಗೆ ದವಡೆಯಲ್ಲಿ, ಮತ್ತೊಬ್ಬರಿಗೆ ಎರಡು ಹೆಗಲಮೂಳೆಗಳ ನಡುವೆ, ಮಗದೊಬ್ಬರಿಗೆ ಹೊಟ್ಟೆಯ ಗುಂಡಿಯಲ್ಲಿ.

ಇನ್ನೂ ಒಂದು ಸಂಗತಿ ಇದೆ, ನನ್ನ ಆ ರಾತ್ರಿಯ ಘೋಷಣೆಯನ್ನು ಇಂದಿಗೂ ಅಣಕಿಸುವಂಥದ್ದು. ಹೃದಯದ ತಳಭಾಗ ಕುಳಿತಿರುವುದು ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯ ಮೇಲೆ; ವಪೆಯ ಕೆಳಗೇ ಜಠರ. ಹೆಚ್ಚಿನವರಲ್ಲಿ ಬಲಬದಿಯ ಪರಿಧಮನಿ, ಅಂದರೆ ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ನಾಳ, ಈ ತಳಭಾಗಕ್ಕೆ ರಕ್ತ ಕೊಡುತ್ತದೆ. ಅದು ಮುಚ್ಚಿಕೊಂಡಾಗ ವೇಗಸ್ ಎಂಬ ನರ ಕೆರಳುತ್ತದೆ. ಓಕರಿಕೆ, ವಾಂತಿ, ತಣ್ಣನೆಯ ಬೆವರು, ನಿಧಾನವಾಗುವ ನಾಡಿ, ಎಲ್ಲವೂ ಅದರ ಕೆಲಸ. ಅಂದರೆ ಮಾವನ ವಾಂತಿ ಕಾಯಿಲೆಯ ಲಕ್ಷಣವಾಗಿತ್ತು, ನಾವು ಅದನ್ನು ಗುಣದ ಲಕ್ಷಣ ಎಂದು ಓದಿಕೊಂಡೆವು. ಸೋಡಾ ಕುಡಿದ ಮೇಲೆ ನೋವು ತಗ್ಗಿದ್ದಕ್ಕೂ ಸೋಡಾಕ್ಕೂ ಸಂಬಂಧವಿರಬೇಕೆಂದೇನೂ ಇಲ್ಲ. ರಕ್ತನಾಳದ ಹೆಪ್ಪು ಕೆಲವೊಮ್ಮೆ ತುಸು ಕರಗಿ, ದಾರಿ ಬಿಟ್ಟು, ಮತ್ತೆ ಕಟ್ಟಿಕೊಳ್ಳುತ್ತದೆ. ನೋವು ಬಂದು ಹೋಗಿ ಮಾಡುತ್ತದೆ. ತುರ್ತು ಚಿಕಿತ್ಸೆಯ ವೈದ್ಯರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಇದೂ ಒಂದು: ಆಮ್ಲ ತಗ್ಗಿಸುವ ಔಷಧದಿಂದ ನೋವು ಕಡಿಮೆಯಾಯಿತು ಎಂಬುದನ್ನು ಹೃದಯ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಾಗಿ ಹಿಡಿಯಬಾರದು.

ಒಳಗೆ ನಡೆಯುತ್ತಿರುವುದು ಇಷ್ಟು. ಹೃದಯದ ಸ್ನಾಯುವಿಗೇ ರಕ್ತ ಕೊಡುವ ನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂಡಿಕೊಂಡಿರುತ್ತದೆ, ಅದರ ಮೇಲೊಂದು ತೆಳು ಹೊದಿಕೆ. ಒಂದು ದಿನ ಆ ಹೊದಿಕೆ ಒಡೆಯುತ್ತದೆ. ಗಾಯವಾಯಿತು ಎಂದು ತಿಳಿದ ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ಬೆರಳು ಕೊಯ್ದಾಗ ನಮ್ಮನ್ನು ಕಾಪಾಡುವ ಅದೇ ಗುಣ ಇಲ್ಲಿ ಪ್ರಾಣಕ್ಕೆ ಬರುತ್ತದೆ. ರಕ್ತ ಪೂರ್ತಿ ನಿಂತ ಅರ್ಧ ಗಂಟೆಯೊಳಗೆ ಸ್ನಾಯು ಸಾಯಲು ತೊಡಗುತ್ತದೆ. ಆರು ಗಂಟೆ ಕಳೆಯುವ ಹೊತ್ತಿಗೆ ಆ ನಾಳದ ಪಾಲಿನ ಬಹುಭಾಗ ಹೋಗಿರುತ್ತದೆ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ, ಅಲ್ಲಿ ಕಲೆ ಮಾತ್ರ ಉಳಿಯುತ್ತದೆ.

ಈ ಆರು ಗಂಟೆಯ ಲೆಕ್ಕ ನೆನಪಿನಲ್ಲಿರಲಿ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರ ಮುಂದಾಳತ್ವದಲ್ಲಿ ದೇಶದ 89 ಆಸ್ಪತ್ರೆಗಳ 20,468 ರೋಗಿಗಳ ಮಾಹಿತಿ ಕಲೆಹಾಕಿದ ಕ್ರಿಯೇಟ್ ಎಂಬ ಅಧ್ಯಯನ 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಲಕ್ಷಣ ಕಾಣಿಸಿದಾಗಿನಿಂದ ಆಸ್ಪತ್ರೆ ಮುಟ್ಟುವವರೆಗೆ ಹಿಡಿದ ಮಧ್ಯಮ ಅವಧಿ 360 ನಿಮಿಷ. ಅಂದರೆ ಅರ್ಧದಷ್ಟು ಮಂದಿಗೆ ಆರು ಗಂಟೆಗಿಂತ ಹೆಚ್ಚೇ ಹಿಡಿದಿತ್ತು. ಆಸ್ಪತ್ರೆಯೊಳಗೆ ಬಂದ ಮೇಲೆ ಹೆಪ್ಪು ಕರಗಿಸುವ ಔಷಧ ಕೊಡಲು ತಗುಲಿದ ಮಧ್ಯಮ ಅವಧಿ 50 ನಿಮಿಷ. ಆರು ಗಂಟೆ ಎಲ್ಲಿ, ಐವತ್ತು ನಿಮಿಷ ಎಲ್ಲಿ! ಆಸ್ಪತ್ರೆಗಳ ನಿಧಾನವನ್ನು ಬೈಯುವುದು ನಮಗೆ ಇಷ್ಟದ ಕೆಲಸ, ಬೈಯಬೇಕಾದ್ದೂ ಇದೆ. ಆದರೆ ಹೆಚ್ಚು ಹೊತ್ತು ಕಳೆಯುತ್ತಿರುವುದು ನಮ್ಮ ನಡುಮನೆಯಲ್ಲಿ. ಎಲ್ಲ ವಿಳಂಬಕ್ಕೂ ಗ್ಯಾಸೊಂದೇ ಕಾರಣವಲ್ಲ, ದೂರ, ದುಡ್ಡು, ರಾತ್ರಿ ವಾಹನ ಸಿಗದಿರುವುದು ಎಲ್ಲವೂ ಸೇರಿವೆ. ಆದರೂ ಹೊರಡಲು ಮನಸ್ಸು ಮಾಡುವವರೆಗೆ ದೂರದ ಪ್ರಶ್ನೆಯೇ ಏಳುವುದಿಲ್ಲ.

ಕರ್ನಾಟಕದ ಮಟ್ಟಿಗೆ ಈ ಮಾತನ್ನು ಈಗ ಇನ್ನಷ್ಟು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಚಿಕಿತ್ಸೆ ಹತ್ತಿರ ಬಂದಿದೆ. ನಟ ಪುನೀತ್ ರಾಜಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ 2021ರ ಅಕ್ಟೋಬರ್ 29ರಂದು ತೀರಿಕೊಂಡರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರ ಕೊನೆಯಲ್ಲಿ ಆರಂಭಿಸಿದ ಹೃದಯಜ್ಯೋತಿ ಯೋಜನೆಯ ಕ್ರಮ ಸರಳ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ. ಅದು ತಂತ್ರಾಂಶದ ಮೂಲಕ ಜಯದೇವದಂಥ ದೊಡ್ಡ ಕೇಂದ್ರದ ತಜ್ಞರಿಗೆ ತಲುಪುತ್ತದೆ. ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ದೊಡ್ಡ ಹೃದಯಾಘಾತ ಎಂದು ಖಾತ್ರಿಯಾದರೆ ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ ಬೀಳುವ ಔಷಧ ಅದು. ರೋಗಿಯ ತೂಕ ನೋಡಿಕೊಂಡು 30ರಿಂದ 50 ಮಿಲಿಗ್ರಾಂ, ಒಂದೇ ಸಲಕ್ಕೆ, ಹತ್ತು ಸೆಕೆಂಡಿನೊಳಗೆ ರಕ್ತನಾಳಕ್ಕೆ. ಗಂಟೆಗಟ್ಟಲೆ ಹನಿಹನಿಯಾಗಿ ಇಳಿಸುವ ತಾಪತ್ರಯವಿಲ್ಲ, ಹಾಗಾಗಿ ಹೃದಯ ತಜ್ಞರಿಲ್ಲದ ಆಸ್ಪತ್ರೆಯಲ್ಲೂ ಕೊಡಬಹುದು. ಬಳಿಕ ಆಂಬುಲೆನ್ಸ್‌ನಲ್ಲಿ ದೊಡ್ಡ ಕೇಂದ್ರಕ್ಕೆ ಸಾಗಿಸಿ, 3ರಿಂದ 24 ಗಂಟೆಗಳೊಳಗೆ ನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಾಂ ಮಾಡಿ, ಬೇಕಿದ್ದರೆ ನಾಳವನ್ನು ತೆರೆದಿಡುವ ಪುಟ್ಟ ಜಾಲರಿಯಾದ ಸ್ಟೆಂಟ್ ಅಳವಡಿಸುವುದು ಮುಂದಿನ ಹಂತ.

ಈ ಇಂಜೆಕ್ಷನ್ ಯಾರಿಗೆ ಬೇಕಾದರೂ ಕೊಡುವಂಥದ್ದಲ್ಲ. ಹಿಂದೆ ಮಿದುಳಿನ ರಕ್ತಸ್ರಾವವಾದವರಿಗೆ, ಇತ್ತೀಚೆಗೆ ಪಾರ್ಶ್ವವಾಯು ಹೊಡೆದವರಿಗೆ, ದೇಹದೊಳಗೆಲ್ಲೋ ರಕ್ತ ಸೋರುತ್ತಿರುವವರಿಗೆ ಕೊಟ್ಟರೆ ಕೊಂದೇ ಬಿಡಬಹುದು. ಜೊತೆಗೆ ಇದಕ್ಕೊಂದು ಗಡುವೂ ಇದೆ. ನೋವು ಶುರುವಾದ ಮೊದಲ ಒಂದೆರಡು ಗಂಟೆಯಲ್ಲಿ ಇದರ ಫಲ ದೊಡ್ಡದು. ಹೊತ್ತು ಹೋದ ಹಾಗೆ ಹೆಪ್ಪು ಗಟ್ಟಿಯಾಗುತ್ತದೆ, ಫಲ ತಗ್ಗುತ್ತದೆ. 12 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಬಲೂನಿನಿಂದ ನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಸೌಲಭ್ಯ ಎರಡು ಗಂಟೆಯೊಳಗೆ ಸಿಗುವಂತಿದ್ದರೆ ನೇರವಾಗಿ ಅದನ್ನೇ ಮಾಡುವುದು ಉತ್ತಮ ಎಂಬುದು ಜಗತ್ತಿನೆಲ್ಲೆಡೆ ಒಪ್ಪಿದ ಮಾತು. ಬೆಂಗಳೂರಿನ ಜಯನಗರದಲ್ಲಿರುವವರಿಗೆ ಅದು ಸಾಧ್ಯ. ಪಾವಗಡದವರಿಗೆ, ಹನೂರಿನವರಿಗೆ ಸಮೀಪದ ಇಂಜೆಕ್ಷನ್ನೇ ಜೀವದಾತ. ಸರ್ಕಾರ ಇಷ್ಟು ಮಾಡಿಟ್ಟಮೇಲೂ ರೋಗಿ ಓಮಿನ ನೀರು ಕುಡಿಯುತ್ತ ಎಂಟು ಗಂಟೆ ಮನೆಯಲ್ಲೇ ಕುಳಿತರೆ, ಫ್ರಿಜ್ಜಿನಲ್ಲಿಟ್ಟ ಔಷಧ ಇದ್ದೂ ಇಲ್ಲದ ಲೆಕ್ಕ.

2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯ ಸರಣಿ ಸಾವುಗಳು ರಾಜ್ಯವನ್ನು ನಡುಗಿಸಿದವು. ಯುವಕರು, ಆಟೊ ಮತ್ತು ಟ್ಯಾಕ್ಸಿ ಚಾಲಕರು, ನಿಂತಲ್ಲೇ ಕುಸಿದರು ಎಂಬ ಸುದ್ದಿ ದಿನಕ್ಕೊಂದು. ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತು ವಾಟ್ಸ್ಆ್ಯಪ್‌ನಿಂದ ವಿಧಾನಸೌಧದವರೆಗೂ ಹೋಯಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ ನಾಲ್ಕಕ್ಕೆ ಹೃದಯ ಕಾರಣವೇ ಅಲ್ಲ ಎಂದಿತು. ಹಿಂದಿನದಕ್ಕೆ ಹೋಲಿಸಿದರೆ ಜಿಲ್ಲೆಯಲ್ಲಿ ಗಾಬರಿಪಡುವಂಥ ಏರಿಕೆ ಕಾಣಲಿಲ್ಲ, ಲಸಿಕೆಯ ಮೇಲೆ ಹೊರಿಸಲು ಆಧಾರವಿಲ್ಲ ಎಂದಿತು. ನನ್ನ ಗಮನ ಹೋದದ್ದು ಬೇರೆ ಕಡೆಗೆ. ಉಳಿದವುಗಳಲ್ಲೂ ಹಲವಕ್ಕೆ ಇಸಿಜಿ ಇರಲಿಲ್ಲ, ಮರಣೋತ್ತರ ಪರೀಕ್ಷೆ ಆಗಿರಲಿಲ್ಲ. ಮನೆಯವರು ಹೇಳಿದ್ದನ್ನು ಕೇಳಿ ಊಹಿಸಬೇಕಾಯಿತು. ಆಸ್ಪತ್ರೆಯ ಹೊರಗಾಗುವ ಹಠಾತ್ ಸಾವುಗಳನ್ನು ಇನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಆರೋಗ್ಯ ಸಚಿವರು ಬಳಿಕ ಪ್ರಕಟಿಸಿದರು. ತಡವಾದರೂ ಸರಿಯಾದ ಹೆಜ್ಜೆ. ಏಕೆ ಸತ್ತರೆಂದೇ ತಿಳಿಯದಿದ್ದರೆ ಊಹಾಪೋಹಕ್ಕೆ ಬರವಿರುವುದಿಲ್ಲ.

ಆ ಭಯದ ಫಲವಾಗಿ ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಪುನೀತ್ ತೀರಿಕೊಂಡಾಗಲೂ ಹೀಗೇ ಆಗಿತ್ತು. ಏನೂ ನೋವಿಲ್ಲದವರು ಚೆಕಪ್‌ಗೆ ಸಾಲುಗಟ್ಟುತ್ತಾರೆ, ನೋವಿರುವವರು ಮನೆಯಲ್ಲಿ ಕಷಾಯ ಕುದಿಸುತ್ತಾರೆ. ಇದಕ್ಕಿಂತ ವಿಚಿತ್ರ ಇನ್ನೊಂದು ಬೇಕೆ? ಚೆಕಪ್ ಬೇಡವೆನ್ನುತ್ತಿಲ್ಲ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ತಿಳಿದುಕೊಳ್ಳುವುದರಿಂದ ನಿಜವಾದ ಲಾಭವಿದೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು 53, ಬೇರೆಡೆ ಅದು ಸುಮಾರು 59 ಎಂದು ಇಂಟರ್‌ಹಾರ್ಟ್ ಅಧ್ಯಯನ ತೋರಿಸಿ ಬಹಳ ಕಾಲವಾಯಿತು. ಆದರೆ ಇಸಿಜಿ ಆ ಕ್ಷಣದ ಚಿತ್ರ ಮಾತ್ರ, ಟ್ರೆಡ್‌ಮಿಲ್ ಪರೀಕ್ಷೆ ಹಿಡಿಯುವುದು ನಾಳ ಸಾಕಷ್ಟು ಕಿರಿದಾಗಿದ್ದರೆ ಮಾತ್ರ. ಅಷ್ಟೇನೂ ಕಿರಿದಾಗಿರದ ನಾಳದಲ್ಲೂ ಕೊಬ್ಬಿನ ಹೊದಿಕೆ ಒಡೆದು ಹೆಪ್ಪುಗಟ್ಟಬಹುದು. ‘ಹೋದ ತಿಂಗಳಷ್ಟೇ ಚೆಕಪ್ ಮಾಡಿಸಿದ್ದರು, ಎಲ್ಲ ನಾರ್ಮಲ್ ಇತ್ತು’ ಎಂಬ ಸಾವಿನ ಮನೆಯ ಮಾತು ಸುಳ್ಳಲ್ಲ. ಅಪಾಯ ಏನೆಂದರೆ, ಆ ನಾರ್ಮಲ್ ವರದಿಯನ್ನು ತಿಜೋರಿಯಲ್ಲಿಟ್ಟುಕೊಂಡವರು ಮುಂದೆ ಎದೆ ಹಿಡಿದುಕೊಂಡಾಗ ಇನ್ನಷ್ಟು ಧೈರ್ಯದಿಂದ ಗ್ಯಾಸ್ ಎನ್ನುತ್ತಾರೆ.

ಜನ ಹಿಂಜರಿಯುವುದಕ್ಕೆ ಇನ್ನೊಂದು ಕಾರಣವನ್ನು ವೈದ್ಯಲೋಕ ಒಪ್ಪಿಕೊಳ್ಳಬೇಕು. ‘ಒಳಗೆ ಹೋದರೆ ಸ್ಟೆಂಟ್ ಹಾಕಿಯೇ ಕಳಿಸುತ್ತಾರೆ’ ಎಂಬ ಮಾತು ಹಳ್ಳಿಯ ಕಟ್ಟೆಯಲ್ಲೂ ಇದೆ, ಅಪಾರ್ಟ್‌ಮೆಂಟಿನ ಲಿಫ್ಟ್‌ನಲ್ಲೂ ಇದೆ. ಅದು ಪೂರಾ ನಿರಾಧಾರವಲ್ಲ. ನಡೆದಾಗ ಬಂದು ನಿಂತಾಗ ಹೋಗುವ, ತಿಂಗಳುಗಟ್ಟಲೆ ಒಂದೇ ರೀತಿಯಲ್ಲಿರುವ ಎದೆನೋವಿನಲ್ಲಿ, ಒಳ್ಳೆಯ ಔಷಧೋಪಚಾರಕ್ಕೆ ಸ್ಟೆಂಟ್ ಸೇರಿಸಿದರೆ ಆಯುಷ್ಯ ಹೆಚ್ಚುವುದು ಕಂಡುಬಂದಿಲ್ಲ ಎಂದು 2007ರ ಕರೇಜ್, 2020ರ ಇಸ್ಕೀಮಿಯ ಎಂಬ ಎರಡು ದೊಡ್ಡ ಅಧ್ಯಯನಗಳು ತೋರಿಸಿವೆ. ಅಂಥ ಸಂದರ್ಭದಲ್ಲಿ ಪ್ರಶ್ನೆ ಕೇಳಿ, ಎರಡನೆಯ ವೈದ್ಯರನ್ನು ಕಾಣಿ, ಒಂದು ವಾರ ಯೋಚಿಸಿ. ನಾಳ ಈಗಷ್ಟೇ ಮುಚ್ಚಿಕೊಂಡು ಸ್ನಾಯು ಸಾಯುತ್ತಿರುವಾಗಿನ ಕಥೆಯೇ ಬೇರೆ. ಅಲ್ಲಿ ನಾಳ ತೆರೆಯುವುದು ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ಬೇಡದವರಿಗೆ ಸ್ಟೆಂಟ್ ಬೀಳುತ್ತದೆ, ಬೇಕಾದವರು ಮನೆಯಲ್ಲಿ ಉಳಿಯುತ್ತಾರೆ.

ಹಾಗಾದರೆ ಗ್ಯಾಸ್ ಯಾವುದು, ಹೃದಯ ಯಾವುದು? ನೂರಕ್ಕೆ ನೂರು ಮನೆಯಲ್ಲಿ ಹೇಳಲಾಗದು, ವೈದ್ಯರಿಗೂ ಮುಟ್ಟಿ ನೋಡಿ ಹೇಳಲಾಗದು. ಆದರೂ ಒಲವು ತಿಳಿಯಬಹುದು. ನಿಜವಾದ ಆಮ್ಲದ ತೊಂದರೆ ಹಳೆಯ ನೆಂಟ. ಉಂಡು ಮಲಗಿದಾಗ, ಬಗ್ಗಿದಾಗ ಬರುತ್ತದೆ, ಉರಿಯುತ್ತದೆ, ಬಾಯಿಗೆ ಹುಳಿ ನೀರು ಬರುತ್ತದೆ, ಬೆರಳಿಟ್ಟು ತೋರಿಸಿದ ಜಾಗದಿಂದ ಗಂಟಲಿನವರೆಗೆ ಗೆರೆ ಎಳೆಯಬಹುದು. ಹೃದಯದ ನೋವಿರುವವರು ಬೆರಳಿಟ್ಟು ತೋರಿಸುವುದು ಕಡಿಮೆ, ಮುಷ್ಟಿಯನ್ನೋ ಅಂಗೈಯನ್ನೋ ಎದೆಯ ಮೇಲಿಡುತ್ತಾರೆ. ಅನೇಕರು ಅದನ್ನು ನೋವು ಎನ್ನುವುದೂ ಇಲ್ಲ. ಭಾರ, ಬಿಗಿತ, ಹಿಂಡಿದ ಹಾಗೆ, ಏನೋ ಸಂಕಟ ಎನ್ನುತ್ತಾರೆ. ‘ನೋವೇನಿಲ್ಲ, ಸಂಕಟ’ ಎಂದವರನ್ನು ನಾವು ಹಗುರವಾಗಿ ತೆಗೆದುಕೊಳ್ಳುತ್ತೇವೆ. ತೆಗೆದುಕೊಳ್ಳಬಾರದು.

ಮುಖ್ಯವಾಗಿ ಬೆವರು ನೋಡಬೇಕು. ಫ್ಯಾನ್ ತಿರುಗುತ್ತಿದ್ದರೂ ಹಣೆಯ ಮೇಲೆ ತಣ್ಣನೆಯ ಬೆವರು, ಬೂದಿ ಬಣ್ಣಕ್ಕೆ ತಿರುಗಿದ ಮುಖ, ಇವು ಎದೆಯ ಸಂಕಟದ ಜೊತೆಗೆ ಬಂದರೆ ಗ್ಯಾಸ್ ಎಂಬ ಪದವನ್ನು ಬಾಯಿಂದ ಹೊರಡಿಸಬೇಡಿ. ಇನ್ನೊಂದು ಸುಳಿವು ಪರಿಶ್ರಮ. ಬಸ್‌ಸ್ಟ್ಯಾಂಡಿಗೆ ಬಿರಬಿರನೆ ನಡೆದರೆ, ಮಹಡಿ ಹತ್ತಿದರೆ ಬರುವ, ಎರಡು ನಿಮಿಷ ನಿಂತರೆ ಹೋಗುವ ‘ಗ್ಯಾಸ್’ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ. ಅನ್ನನಾಳಕ್ಕೆ ಮೆಟ್ಟಿಲುಗಳ ಲೆಕ್ಕ ತಿಳಿಯದು. ಹೀಗೆ ಶುರುವಾಗಿ, ಇತ್ತೀಚೆಗೆ ಕಡಿಮೆ ದೂರಕ್ಕೇ ಬರುತ್ತಿದ್ದರೆ ಅಥವಾ ಸುಮ್ಮನೆ ಕುಳಿತಾಗಲೂ ಬರುತ್ತಿದ್ದರೆ ನಾಳೆಯವರೆಗೆ ಕಾಯುವಂತಿಲ್ಲ.

ಹೆಂಗಸರು ಮತ್ತು ಸಕ್ಕರೆ ಕಾಯಿಲೆಯವರ ವಿಷಯ ಇನ್ನೂ ಕಷ್ಟ. ಬಹುಕಾಲದ ಸಕ್ಕರೆ ನರಗಳನ್ನು ಮಂಕಾಗಿಸುವುದರಿಂದ ನೋವೇ ಇಲ್ಲದ ಹೃದಯಾಘಾತ ಆಗಬಹುದು. ಏಕಾಏಕಿ ಉಸಿರುಗಟ್ಟುವುದು, ವಿಪರೀತ ಸುಸ್ತು, ವಾಂತಿ ಮಾತ್ರ ಕಾಣಬಹುದು. ಹೆಂಗಸರಲ್ಲೂ ಎದೆನೋವೇ ಮುಖ್ಯ ಲಕ್ಷಣ. ಆದರೆ ಅದರ ಜೊತೆಗೆ ಬೆನ್ನು, ದವಡೆ, ಓಕರಿಕೆ, ದಣಿವು ಹೆಚ್ಚು. ಇದಕ್ಕಿಂತ ದೊಡ್ಡ ತೊಡಕು ಮನೆಯದು. ಗಂಡನಿಗೆ ಎದೆ ನೋವೆಂದರೆ ಆಟೊ ಬರುತ್ತದೆ, ಹೆಂಡತಿಗೆ ಎದೆ ನೋವೆಂದರೆ ‘ಸ್ವಲ್ಪ ಮಲಗು’ ಎಂಬ ಮಾತು ಬರುತ್ತದೆ. ಆಕೆಯೂ ಮಕ್ಕಳ ಟಿಫಿನ್ ಡಬ್ಬಿ ಕಟ್ಟಿ ಮುಗಿಸಿಯೇ ಮಲಗುತ್ತಾಳೆ.

ಅನುಮಾನ ಬಂದರೆ ಮಾಡಬೇಕಾದ್ದು ಹೆಚ್ಚಿಲ್ಲ. ನಡೆಸಬೇಡಿ, ಮೆಟ್ಟಿಲಿಳಿಸಬೇಡಿ, ಅವರೇ ಬೈಕ್ ಓಡಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. 108ಕ್ಕೆ ಕರೆ ಮಾಡಿ; ಬರುವುದು ತಡವೆಂದರೆ ಸಿಕ್ಕಿದ ಕಾರಿನಲ್ಲಿ ಹೊರಡಿ. ಹೋಗಬೇಕಾದ್ದು ಪರಿಚಯದ ಕ್ಲಿನಿಕ್‌ಗಲ್ಲ, ಇಸಿಜಿ ಇರುವ ಆಸ್ಪತ್ರೆಗೆ. ಮನೆಯಲ್ಲಿ ಆಸ್ಪಿರಿನ್ ಇದ್ದರೆ 300 ಮಿಲಿಗ್ರಾಂನಷ್ಟನ್ನು ಇಡಿಯಾಗಿ ನುಂಗದೆ ಅಗಿದು ನುಂಗಬೇಕು, ಆಗ ಬೇಗ ರಕ್ತಕ್ಕೆ ಸೇರುತ್ತದೆ. ಆಸ್ಪಿರಿನ್ ಒಗ್ಗದವರು, ರಕ್ತ ಸೋರುವ ಹುಣ್ಣಿರುವವರು, ಮಾತು ತೊದಲುವುದು ಅಥವಾ ಕೈಕಾಲು ಬೀಳುವುದು ಜೊತೆಗಿರುವವರು ಮುಟ್ಟಬಾರದು. ಈ ಅಗ್ಗದ ಮಾತ್ರೆಯ ಬಲವನ್ನು ಹದಿನೇಳು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ, 1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನ ತೋರಿಸಿಕೊಟ್ಟಿತು. ಅದೊಂದೇ ಸಾವುಗಳನ್ನು ಸುಮಾರು ಶೇ 23ರಷ್ಟು ತಗ್ಗಿಸಿತ್ತು. ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆಯ ಬಗ್ಗೆ ನಮ್ಮವರಿಗೆ ಅತಿಯಾದ ನಂಬಿಕೆ. ವೈದ್ಯರು ಬರೆದುಕೊಡದವರಿಗೆ ಅದನ್ನು ಕೊಡಬೇಡಿ. ರಕ್ತದೊತ್ತಡ ಮೊದಲೇ ಕುಸಿದಿದ್ದರೆ ಅದು ಇನ್ನಷ್ಟು ಕೆಳಗೆ ತಳ್ಳುತ್ತದೆ.

ಮನುಷ್ಯ ಕುಸಿದುಬಿದ್ದು, ಅಲುಗಾಡಿಸಿದರೂ ಎಚ್ಚರವಿಲ್ಲದೆ, ಉಸಿರೂ ಇಲ್ಲದಿದ್ದರೆ ಅದು ಹೃದಯ ಸ್ತಂಭನ. ಪತ್ರಿಕೆಗಳು ಎರಡನ್ನೂ ಹೃದಯಾಘಾತ ಎಂದೇ ಬರೆಯುತ್ತವೆ. ಆಘಾತ ಎಂದರೆ ನಾಳ ಮುಚ್ಚುವುದು, ಸ್ತಂಭನ ಎಂದರೆ ಬಡಿತವೇ ನಿಲ್ಲುವುದು. ಮೊದಲನೆಯದು ಎರಡನೆಯದಕ್ಕೆ ದಾರಿಯಾಗಬಹುದು. ಸ್ತಂಭನದಲ್ಲಿ ನೀರು ಚಿಮುಕಿಸುವುದು, ಕೈಗೆ ಕಬ್ಬಿಣ ಕೊಡುವುದು ಯಾವುದೂ ಉಪಯೋಗಕ್ಕಿಲ್ಲ. ಎದೆಯ ನಡುವೆ ಎರಡು ಅಂಗೈ ಒಂದರ ಮೇಲೊಂದಿಟ್ಟು, ಐದು ಸೆಂಟಿಮೀಟರ್ ಒಳಹೋಗುವಂತೆ, ನಿಮಿಷಕ್ಕೆ 100ರಿಂದ 120ರಷ್ಟು ಸಲ ಒತ್ತುತ್ತಲೇ ಇರಬೇಕು, ಸಹಾಯ ಬರುವವರೆಗೆ.

ನನಗೆ ಹೆಚ್ಚು ಸಿಟ್ಟಿರುವುದು ಮನೆಯವರ ಮೇಲಲ್ಲ, ನಡುವಿನ ಆ ಒಂಬತ್ತು ಗಂಟೆಯ ಕ್ಲಿನಿಕ್‌ನ ಮೇಲೆ. ಮನೆಯವರಿಗೆ ತಿಳಿಯದು. ಮೆಡಿಕಲ್ ಶಾಪಿನ ಹುಡುಗ ಕೇಳಿದ್ದನ್ನು ಕೊಡುತ್ತಾನೆ. ಆದರೆ ಐವತ್ತೆರಡರ, ಬೀಡಿ ಸೇದುವ, ಬೆವರಿ ಬಂದ ಗಂಡಸಿಗೆ ಗ್ಯಾಸ್ ಇಂಜೆಕ್ಷನ್ ಚುಚ್ಚುವ ಮುನ್ನ ಒಂದು ಇಸಿಜಿ ತೆಗೆಯಬೇಕು, ಯಂತ್ರವಿಲ್ಲದಿದ್ದರೆ ‘ಮೊದಲು ಅಲ್ಲಿಗೆ ಹೋಗಿ’ ಎನ್ನಬೇಕು. ಚಿಕ್ಕ ಇಸಿಜಿ ಯಂತ್ರವೊಂದು ದುಬಾರಿ ಮೊಬೈಲಿನ ಬೆಲೆಗೆ ಬರುತ್ತದೆ. ತೆಗೆಯಲು ಐದು ನಿಮಿಷ. ಮೂವತ್ತೈದು ದಾಟಿದ ಯಾರೇ ಎದೆ ಅಥವಾ ಮೇಲುಹೊಟ್ಟೆಯ ನೋವೆಂದು ಬಂದರೂ ಇಸಿಜಿ ಇಲ್ಲದೆ ಗ್ಯಾಸ್ ಎಂದು ಬರೆಯಕೂಡದು ಎಂಬ ನಿಯಮ ಬಂದರೆ, ಹೊಸ ಆಸ್ಪತ್ರೆ ಕಟ್ಟುವುದಕ್ಕಿಂತ ಬೇಗ ಫಲ ಕೊಡುತ್ತದೆ ಎಂಬುದು ನನ್ನ ಅಂದಾಜು. ಒಂದು ಎಚ್ಚರಿಕೆ ಮಾತ್ರ ಬೇಕು. ಮೊದಲ ಇಸಿಜಿ ಸರಿಯಾಗಿಯೇ ಕಾಣಬಹುದು. ಹೃದಯದ ಸ್ನಾಯುವಿಗೆ ಪೆಟ್ಟಾದುದನ್ನು ತೋರಿಸುವ ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯೂ ನೋವಿನ ಆರಂಭದ ಕೆಲವು ಗಂಟೆ ಏನೂ ತೋರಿಸದಿರಬಹುದು. ನೋವು ಮುಂದುವರಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು, ಮತ್ತೆ ನೋಡಬೇಕು.

ಕಳೆದ ಯುಗಾದಿಯ ಹೊಸತೊಡಕಿನ ರಾತ್ರಿ ಅತ್ತೆಯ ಪಕ್ಕದ ಮನೆಯವರಿಗೆ ಎದೆ ಹಿಡಿದುಕೊಂಡಿತು. ಮಾಂಸದೂಟ ಜಾಸ್ತಿಯಾಯಿತು, ಸೋಡಾ ಇದ್ದರೆ ಕೊಡಿ ಎಂದು ಅವರ ಹೆಂಡತಿ ಬಾಗಿಲು ತಟ್ಟಿದರು. ಅತ್ತೆ ಸೋಡಾ ಕೊಡಲಿಲ್ಲ. ಆಟೊದವನನ್ನು ಎಬ್ಬಿಸಿ, ತಾವೂ ಹತ್ತಿ ಕುಳಿತು, ಅವರನ್ನು ತಾಲ್ಲೂಕು ಆಸ್ಪತ್ರೆಗೆ ಹೊರಡಿಸಿದರು. ಇಸಿಜಿ ಸರಿಯಿತ್ತು. ಗಂಟೆ ಬಿಟ್ಟು ಮತ್ತೆ ತೆಗೆದರು, ಅದೂ ಸರಿಯಿತ್ತು. ಬೆಳಗಿನವರೆಗೆ ಇರಿಸಿಕೊಂಡು, ರಕ್ತ ಪರೀಕ್ಷೆಯೂ ಸರಿ ಬಂದ ಮೇಲೆ ಕಳಿಸಿದರು. ಆ ಮನುಷ್ಯ ಆಟೊಗೆ ಕೊಟ್ಟ ನಾನೂರು ರೂಪಾಯಿಯನ್ನು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದರಂತೆ. ಮನೆಗೆ ಬಂದ ಮೇಲೆ ಅತ್ತೆ ಅವರಿಗೆ ಜೀರಿಗೆ ಕಷಾಯ ಮಾಡಿಕೊಟ್ಟರು. ಈ ಸಲ ಅದು ಕೆಲಸ ಮಾಡಿತು.